ಈಜಿಪ್ಟಿಗೆ ಹೊರಡುವ ಮೊದಲು: ಏನೇನು ಬಿಡಬೇಕು?

(ನಮ್ಮ ಬಡಾವಣೆಯ ಹಿರಿಯರ ಬಳಗದಿಂದ ಬರುವ ಜನವರಿಯಲ್ಲಿ 26 ಜನ ಈಜಿಪ್ಟಿಗೆ ಹೊರಟಿದ್ದಾರೆ. ಅವರ ಮುಂದೆ ಆಡಿದ ಮಾತುಗಳಿವು. ಅವತ್ತು ಬರಲಾಗದವರು ಕೇಳಿದ್ದರಿಂದ ಬರೆದು ಕೊಡುತ್ತಿದ್ದೇನೆ. ಮಾತಾಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದೆ, ಇಲ್ಲೂ ಅದನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಟೂರ್ ಕಂಪನಿಯವಳಲ್ಲ. ಹೈಸ್ಕೂಲಿನಲ್ಲಿ 32 ವರ್ಷ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಈಜಿಪ್ಟಿಗೆ ಎರಡು ಸಲ ಗುಂಪಿನ ಜೊತೆ ಹೋಗಿ ಬಂದಿದ್ದೇನೆ. ಮೊದಲ ಸಲ ಎಲ್ಲವನ್ನೂ ನೋಡಿಬಿಡಬೇಕು ಅಂತ ಹೋದೆ. ಮೂರನೇ ದಿನ ಕಾಲು ಊದಿತು. ನಾಲ್ಕನೇ ದಿನ ಹೊಟ್ಟೆ ಕೆಟ್ಟಿತು. ಐದನೇ ದಿನದ ಹೊತ್ತಿಗೆ ಯಾವ ಕಂಬ ಯಾವ ದೇವಸ್ಥಾನದ್ದು ಅಂತ ತಲೆಯಲ್ಲಿ ಎಲ್ಲಾ ಕಲಸಿಹೋಗಿತ್ತು. ಮೊಬೈಲಿನಲ್ಲಿ 1,400 ಫೋಟೋ ಇತ್ತು, ನೆನಪಿನಲ್ಲಿ ನಾಲ್ಕೈದು ಚಿತ್ರ ಮಾತ್ರ.

ಎರಡನೇ ಸಲ ಹೊರಡುವಾಗ ಮನೆಯಲ್ಲೇ ಕೂತು ಏನೇನು ಬಿಡಬೇಕು ಅಂತ ಒಂದು ಪಟ್ಟಿ ಮಾಡಿದೆ. ಯಾವ ಸಾಮಾನು ಬಿಡಬೇಕು, ಯಾವ ಜಾಗ ಬಿಡಬೇಕು, ಯಾವ ಅಂಗಡಿಗೆ ಕಾಲಿಡಬಾರದು ಅಂತ. ಇವತ್ತು ಹೆಚ್ಚಾಗಿ ಅದರ ಬಗ್ಗೆಯೇ ಮಾತಾಡುತ್ತೇನೆ. ಏನು ತರಬೇಕು ಅನ್ನುವ ಪಟ್ಟಿಯನ್ನು ಟೂರ್‌ನವರು ನಿಮಗೆ ಆಗಲೇ ವಾಟ್ಸಾಪ್‌ನಲ್ಲಿ ಕಳಿಸಿರುತ್ತಾರೆ.

ಕಾಗದ ಪತ್ರದ ವಿಷಯ ಬೇಗ ಮುಗಿಸೋಣ. ಪಾಸ್‌ಪೋರ್ಟಿನ ಅವಧಿ ಹೋಗುವ ದಿನದಿಂದ ಕನಿಷ್ಠ 6 ತಿಂಗಳು ಇರಬೇಕು. ನಮಗೆ ವೀಸಾ ಬೇಕು. ಗುಂಪಿನದಾದರೆ ಟೂರ್‌ನವರೇ ಮಾಡಿಸುತ್ತಾರೆ. ಆದರೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು ನಮ್ಮ ಕಡೆ ಬಹಳ ಜನ ಇದ್ದಾರೆ. ಬರೀ ಇನಿಶಿಯಲ್ ಇಟ್ಟುಕೊಂಡು ಬದುಕಿದವರು ನಾವು. ಅಂಥವರು ಈಗಲೇ ಟೂರ್‌ನವರಿಗೆ ಹೇಳಿ. ಟಿಕೆಟ್ಟಿನಲ್ಲಿ ಒಂದು ಹೆಸರು, ವೀಸಾದಲ್ಲಿ ಇನ್ನೊಂದು ಹೆಸರು ಆದರೆ ವಿಮಾನ ನಿಲ್ದಾಣದಲ್ಲಿ ವಿವರಿಸುತ್ತಾ ನಿಲ್ಲಬೇಕಾಗುತ್ತದೆ. ಪ್ರಯಾಣದ ವಿಮೆ ಮಾಡಿಸುವಾಗ ಬಿಪಿ, ಸಕ್ಕರೆ ಕಾಯಿಲೆ ಇರುವುದನ್ನು ಮುಚ್ಚಿಡಬೇಡಿ. ಅಷ್ಟೇ.

ಈಗ ಮಾತ್ರೆಗಳಿಗೆ ಬರೋಣ. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ನಮ್ಮಲ್ಲಿ ಮಂಡಿ ನೋವು, ಬೆನ್ನು ನೋವಿಗೆ ಡಾಕ್ಟರು ಕೊಡುವ ಕೆಲವು ಮಾತ್ರೆಗಳಲ್ಲಿ ಟ್ರಮಡಾಲ್ ಇರುತ್ತದೆ. ಒಮ್ಮೊಮ್ಮೆ ಪ್ಯಾರಾಸಿಟಮಾಲ್ ಜೊತೆ ಬೆರೆತಿರುತ್ತದೆ, ಹೆಸರು ನೋಡಿದರೆ ಗೊತ್ತೂ ಆಗುವುದಿಲ್ಲ. ಈಜಿಪ್ಟಿನಲ್ಲಿ ಅದನ್ನು ಮಾದಕ ವಸ್ತುವಿನ ಹಾಗೆ ನೋಡುತ್ತಾರೆ. 2017ರಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು ಸುಮಾರು 300 ಟ್ರಮಡಾಲ್ ಮಾತ್ರೆ ಇಟ್ಟುಕೊಂಡು ಅಲ್ಲಿ ಇಳಿದರು. ಬೆನ್ನು ನೋವಿನ ಔಷಧ ಅಂತ ಹೇಳಿದರೂ ಕೇಳದೆ 3 ವರ್ಷ ಶಿಕ್ಷೆ ಕೊಟ್ಟರು. ಆಮೇಲೆ ಕ್ಷಮಾದಾನ ಸಿಕ್ಕಿತು, ಆದರೆ ಅಷ್ಟರಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿ ಕಳೆದಿದ್ದರು. ಹಾಗಾಗಿ ಇವತ್ತು ಮನೆಗೆ ಹೋದ ತಕ್ಷಣ ಮಾತ್ರೆ ಡಬ್ಬಿ ತೆಗೆಯಿರಿ. ಮಾತ್ರೆಯ ಸ್ಟ್ರಿಪ್ಪಿನ ಹಿಂಭಾಗದ ಸಣ್ಣ ಅಕ್ಷರ ಮೊಮ್ಮಕ್ಕಳ ಹತ್ತಿರ ಓದಿಸಿ. ಟ್ರಮಡಾಲ್ ಅಂತ ಇದ್ದರೆ ಡಾಕ್ಟರ ಹತ್ತಿರ ಹೋಗಿ ಬೇರೆ ಬರೆಸಿಕೊಳ್ಳಿ. ನಿದ್ದೆ ಮಾತ್ರೆಯವರೂ ಒಮ್ಮೆ ಕೇಳಿಕೊಳ್ಳಿ. ಉಳಿದ ಮಾತ್ರೆಗಳನ್ನು ಅಂಗಡಿಯ ಸ್ಟ್ರಿಪ್ಪಿನಲ್ಲೇ ಇಟ್ಟು, ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲಿ ತನ್ನಿ. ಎಲ್ಲವನ್ನೂ ಬಿಚ್ಚಿ ಬೆಳಿಗ್ಗೆ-ರಾತ್ರಿ ಡಬ್ಬಿಗೆ ಹಾಕಿಕೊಂಡು ಬರಬೇಡಿ.

ಜನವರಿಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಇನ್ಸುಲಿನ್ ತೆಗೆದುಕೊಳ್ಳುವವರು ಈ ಮೂರೂವರೆ ಗಂಟೆಯ ಲೆಕ್ಕವನ್ನು ಡಾಕ್ಟರ ಹತ್ತಿರವೇ ಮಾಡಿಸಿಕೊಳ್ಳಿ. ವಿಮಾನದಲ್ಲಿ ಕೂತು ಪಕ್ಕದವರನ್ನು ಕೇಳಬೇಡಿ. ಪಕ್ಕದಲ್ಲಿ ಗಣಿತದ ಮೇಷ್ಟ್ರಿದ್ದರೂ ಸರಿ.

ಮುಂದಿನದು ಗಸಗಸೆ. ಏನಪ್ಪಾ ಇದು, ಈಜಿಪ್ಟಿಗೂ ಗಸಗಸೆಗೂ ಏನು ಸಂಬಂಧ ಅಂತೀರಾ? ನಾವು ಬೆಂಗಳೂರಿನಿಂದ ಹೊರಟು ಗಲ್ಫಿನ ಒಂದು ಊರಿನಲ್ಲಿ ಇಳಿದು ಬೇರೆ ವಿಮಾನ ಹತ್ತಿದ್ದೆವು. ನೀವೂ ಹಾಗೇ ಹೋಗುತ್ತೀರಿ. ಯುಎಇ, ಸೌದಿ, ಕತಾರ್ ಈ ದೇಶಗಳಲ್ಲಿ ಗಸಗಸೆ ನಿಷೇಧ. ಗಸಗಸೆ ಬರುವುದು ಅಫೀಮಿನ ಗಿಡದಿಂದಲೇ ಅಲ್ವಾ, ಅದಕ್ಕೆ. ನಮ್ಮ ಹೆಂಗಸರು ಪಾಯಸಕ್ಕೆ ಅಂತ ಯಾರೂ ಗಸಗಸೆ ತರುವುದಿಲ್ಲ, ಸರಿ. ಆದರೆ ಬಿಸಿಬೇಳೆ ಬಾತಿನ ಪುಡಿಯಲ್ಲಿ ಇರುತ್ತದಲ್ಲ? ಅನರಸದ ಮೇಲೆ ಉದುರಿಸಿರುತ್ತೀರಲ್ಲ? ಅದನ್ನು ಮನೆಯಲ್ಲೇ ಬಿಡಿ. ಕೊಬ್ಬರಿ ಗಿಟುಕನ್ನೂ ವಿಮಾನದವರು ಒಪ್ಪುವುದಿಲ್ಲ, ಎಣ್ಣೆ ಜಾಸ್ತಿ ಇರುವುದರಿಂದ ಬೆಂಕಿಯ ಭಯ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಎರಡು ಕವರ್ ಸುತ್ತಿ ಇಡಿ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು. ಮೊಮ್ಮಗ ಪ್ರೀತಿಯಿಂದ ಡ್ರೋನ್ ಕೊಟ್ಟರೆ ಬೇಡಪ್ಪ ಅನ್ನಿ. ಈಜಿಪ್ಟಿನಲ್ಲಿ ಅನುಮತಿ ಇಲ್ಲದೆ ಅದನ್ನು ಒಳಗೇ ತರುವ ಹಾಗಿಲ್ಲ, ದೊಡ್ಡ ತಾಪತ್ರಯ.

ಊಟದ ಬಗ್ಗೆ ಬಹಳ ಜನ ಮೊದಲೇ ಫೋನ್ ಮಾಡಿ ಕೇಳಿದ್ದೀರಿ. ಹೆದರಬೇಡಿ. ಸಸ್ಯಾಹಾರಿಗಳಿಗೆ ಅಲ್ಲಿ ಊಟ ಇದೆ. ಯಾವುದು ಅಂತ ಗೊತ್ತಿರಬೇಕು ಅಷ್ಟೇ.

ಕೊಶರಿ ಅಂತ ಒಂದಿದೆ. ಬೀದಿ ಬೀದಿಯಲ್ಲಿ ಸಿಗುತ್ತದೆ. ಅನ್ನ, ಮಸೂರ್ ಬೇಳೆಯಂಥ ಕಾಳು, ಮ್ಯಾಕರೋನಿ, ಬೇಯಿಸಿದ ಕಡಲೆ, ಮೇಲೆ ಟೊಮೆಟೊ ಸಾರು, ಅದರ ಮೇಲೆ ಗರಿಗರಿಯಾಗಿ ಕರಿದ ಈರುಳ್ಳಿ. ಪಕ್ಕದಲ್ಲಿ ಬೆಳ್ಳುಳ್ಳಿ-ವಿನಿಗರ್ ನೀರು, ಖಾರದ ಎಣ್ಣೆ. ಹೆಸರು ನಮ್ಮ ಖಿಚಡಿಯಿಂದ ಹೋಗಿದ್ದು ಅನ್ನುವವರಿದ್ದಾರೆ. ತಿಂದರೆ ಹೌದಿರಬಹುದು ಅನ್ನಿಸುತ್ತದೆ. ತಾಮಿಯಾ ಅಂತ ಇನ್ನೊಂದು, ನಮ್ಮ ವಡೆಯ ದೂರದ ನೆಂಟ, ಮುರಿದರೆ ಒಳಗೆ ಸೊಪ್ಪಿನ ಹಸಿರು. ಬೆಳಿಗ್ಗೆ ತಿಂಡಿಗೆ ಫೂಲ್ ಇರುತ್ತದೆ, ಫಾವಾ ಅನ್ನುವ ದಪ್ಪ ಕಾಳನ್ನು ರಾತ್ರಿಯೆಲ್ಲಾ ಬೇಯಿಸಿ ಹಿಸುಕಿದ್ದು. ತಾಮಿಯಾ ಮಾಡುವುದೂ ಇದೇ ಕಾಳಿನಿಂದ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಅಂತ ಡಾಕ್ಟರು ಹೇಳಿರುವವರು ಯಾರಾದರೂ ಇದ್ದರೆ ಇವೆರಡನ್ನೂ ಮುಟ್ಟಬೇಡಿ, ಆ ಕಾಳು ಅವರಿಗೆ ರಕ್ತದ ತೊಂದರೆ ಕೊಡುತ್ತದೆ.

ಮೋಸ ಹೋಗುವುದು ಸೂಪಿನಲ್ಲಿ. ನಮ್ಮ ಟೂರ್‌ನವರು ಎಲ್ಲಾ ಕಡೆ ಪ್ಯೂರ್ ವೆಜ್ ಅಂತ ಬರೆದು ಕೊಟ್ಟಿದ್ದರು. ಮೊದಲ ರಾತ್ರಿ ಬೇಳೆ ಸೂಪು ಬಂತು. ಹಳದಿ ಬಣ್ಣ, ನಿಂಬೆಹಣ್ಣು, ನೋಡಲು ನಮ್ಮ ಕಟ್ಟಿನ ಸಾರೇ. ಎರಡು ಚಮಚ ಕುಡಿದ ಮೇಲೆ ಗುಂಪಿನ ಒಬ್ಬ ಅಜ್ಜಿ ಬಟ್ಟಲು ಕೆಳಗಿಟ್ಟು ನನ್ನ ಮುಖ ನೋಡಿದರು. ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿದ್ದು ಅಂತ ಆಮೇಲೆ ಗೊತ್ತಾಯಿತು. ಅಡುಗೆಯವನು ಮೋಸ ಮಾಡಿರಲಿಲ್ಲ. ಅವನ ಲೆಕ್ಕದಲ್ಲಿ ತುಂಡು ಇಲ್ಲದಿದ್ದರೆ ಅದು ವೆಜ್. ಮುಲುಖಿಯಾ ಅನ್ನುವ ಸೊಪ್ಪಿನ ಸಾರೂ ಹಾಗೇ, ಸಾಮಾನ್ಯವಾಗಿ ಕೋಳಿ ಅಥವಾ ಮೊಲದ ಕಟ್ಟಿನಲ್ಲಿ ಮಾಡುತ್ತಾರೆ. ಹಾಗಾಗಿ ‘ವೆಜ್ಜಾ?’ ಅಂತ ಕೇಳಬೇಡಿ. ‘ಯಾವ ನೀರಿನಲ್ಲಿ ಬೇಯಿಸಿದ್ದು?’ ಅಂತ ಗೈಡ್ ಹತ್ತಿರ ಕೇಳಿಸಿ.

ಮೊಸರನ್ನದ ಗುಟ್ಟು ಹೇಳುತ್ತೇನೆ, ಬರೆದುಕೊಳ್ಳಿ. ಅಲ್ಲಿ ಮೊಸರಿಗೆ ‘ಜಬಾದಿ’ ಅನ್ನುತ್ತಾರೆ. ಹಾಲಿಗೆ ‘ಲಬನ್’. ಅಂಗಡಿಯಲ್ಲಿ ಸಣ್ಣ ಡಬ್ಬಿಯಲ್ಲಿ ಜಬಾದಿ ಸಿಗುತ್ತದೆ, ಸಕ್ಕರೆ ಇಲ್ಲದ್ದು ನೋಡಿ ತೆಗೆದುಕೊಳ್ಳಿ. ಹೋಟೆಲಿನ ಅನ್ನದಲ್ಲಿ ಹುರಿದ ಶಾವಿಗೆ ಬೆರೆತಿರುತ್ತದೆ. ಮೊದಲು ವಿಚಿತ್ರ ಅನ್ನಿಸುತ್ತದೆ, ಆದರೆ ಮೊಸರು ಕಲಸಿದರೆ ಶಾವಿಗೆ ಮೆತ್ತಗಾಗಿ ಸೇರಿಕೊಳ್ಳುತ್ತದೆ. ನೈಲ್ ನದಿಯ ಮೇಲೆ, ಹಡಗಿನ ಊಟದ ಮನೆಯಲ್ಲಿ, ನಮ್ಮ ಮೇಜಿನ ಎಂಟು ಜನ ಒಂದೇ ದೊಡ್ಡ ತಟ್ಟೆಯಲ್ಲಿ ಕಲಸಿ ಮಾವಿನ ಮಿಡಿ ಹಂಚಿಕೊಂಡು ತಿಂದೆವು. ಬಡಿಸುವ ಹುಡುಗ ದೂರದಲ್ಲಿ ನಿಂತು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ. ಮಾರನೇ ದಿನ ಕೇಳದೆಯೇ ಮೊಸರಿನ ದೊಡ್ಡ ಬಟ್ಟಲು ತಂದಿಟ್ಟ.

ನೀರು ಬಾಟಲಿಯದೇ ಕುಡಿಯಿರಿ. ಹಲ್ಲುಜ್ಜಲೂ ಅದೇ. ಐಸ್ ಬೇಡ. ತೊಳೆದು ಹೆಚ್ಚಿಟ್ಟ ಸೌತೆಕಾಯಿ, ಸೊಪ್ಪು ಎಷ್ಟೇ ಚೆಂದ ಕಂಡರೂ ಬೇಡ. ನನ್ನ ನಾಲ್ಕನೇ ದಿನದ ಕಥೆಗೆ ಕಾರಣ ಅದೇ ಸೌತೆಕಾಯಿ. ಒಂದು ಒಳ್ಳೆ ಸುದ್ದಿಯೂ ಇದೆ. ಅಲ್ಲಿನ ಹೋಟೆಲ್ ಕಕ್ಕಸುಗಳಲ್ಲಿ ಸಾಮಾನ್ಯವಾಗಿ ನೀರಿನ ವ್ಯವಸ್ಥೆ ಇರುತ್ತದೆ, ಕಮೋಡಿನೊಳಗೇ ಸಣ್ಣ ನಳಿಗೆ ಇಟ್ಟಿರುತ್ತಾರೆ. ಯುರೋಪಿಗೆ ಹೋಗಿ ಬಂದವರಿಗೆ ಈ ಮಾತಿನ ಬೆಲೆ ಗೊತ್ತು.

ದುಡ್ಡಿನ ವಿಷಯ. ಅಲ್ಲಿನ ನಾಣ್ಯ ಈಜಿಪ್ಟ್ ಪೌಂಡ್. 2024ರ ಮಾರ್ಚಿನಲ್ಲಿ ಅದರ ಬೆಲೆ ಒಮ್ಮೆಲೇ ಕುಸಿಯಿತು. ಡಾಲರಿಗೆ 30 ಚಿಲ್ಲರೆ ಇದ್ದದ್ದು 50ರ ಹತ್ತಿರ ಹೋಯಿತು. ಆದ್ದರಿಂದ ಹಳೆಯ ಪ್ರವಾಸದ ಬರಹ ಓದಿ ಬೆಲೆ ಲೆಕ್ಕ ಹಾಕಬೇಡಿ. ದೊಡ್ಡ ದೊಡ್ಡ ಸ್ಮಾರಕಗಳ ಟಿಕೆಟ್ ಕೌಂಟರಿನಲ್ಲಿ ಈಗ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡೇ ಬೇಕು. ನಿಮ್ಮ ಟಿಕೆಟ್ ಟೂರಿನ ಖರ್ಚಿನಲ್ಲೇ ಸೇರಿದೆ, ನಿಜ. ಆದರೆ ಪಿರಮಿಡ್ಡಿನ ಒಳಗೆ ಹೋಗಲು ಬೇರೆ ಟಿಕೆಟ್, ಕೆಲವು ಗೋರಿಗಳಿಗೆ ಬೇರೆ ಟಿಕೆಟ್. ಅದು ನಿಮ್ಮ ಕಾರ್ಡಿನಿಂದ. ಬ್ಯಾಂಕಿಗೆ ಹೇಳಿ ಕಾರ್ಡಿಗೆ ಹೊರದೇಶದ ಬಳಕೆ ಆನ್ ಮಾಡಿಸಿ. ನಮ್ಮ ಗುಂಪಿನಲ್ಲಿ ಒಬ್ಬರು ಕೌಂಟರ್ ಮುಂದೆ ನಿಂತು ಊರಿನಲ್ಲಿದ್ದ ಮಗನಿಗೆ ಫೋನ್ ಮಾಡುತ್ತಿದ್ದರು, ಹಿಂದೆ 40 ಜನರ ಸಾಲು.

ಕಾರ್ಡ್ ಎಷ್ಟೇ ಇದ್ದರೂ ಚಿಲ್ಲರೆ ಬೇಕೇ ಬೇಕು. ಯಾಕೆ ಅಂದರೆ ಭಕ್ಷೀಸು. ಇದು ನಮಗೆ ಹೇಳಿಕೊಡಬೇಕಾದ ಪದವೇ ಅಲ್ಲ, ನಮ್ಮ ಅಜ್ಜಂದಿರೂ ಹೀಗೇ ಅನ್ನುತ್ತಿದ್ದರು. ಶೌಚಾಲಯದ ಬಾಗಿಲಲ್ಲಿ ಕಾಗದ ಹಿಡಿದು ನಿಂತವರಿಗೆ, ಪೆಟ್ಟಿಗೆ ಮುಟ್ಟಿದವನಿಗೆ, ಗೋರಿಯ ಮೂಲೆಗೆ ಕೈಬೀಸಿ ಕರೆದು ಟಾರ್ಚ್ ಬಿಟ್ಟು ತೋರಿಸಿದ ಕಾವಲುಗಾರನಿಗೆ. ಕೇಳದೆ ಸಹಾಯ ಮಾಡಲು ಬಂದವರೆಲ್ಲ ಕೊನೆಗೆ ಕೈ ಚಾಚುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅವರ ಸಂಬಳ ಕಡಿಮೆ. ಆದರೆ ಬೇಡವಾದರೆ ‘ಲಾ, ಶುಕ್ರನ್’ ಅಂದು ನಡೆಯುತ್ತಲೇ ಇರಿ. ನಿಂತರೆ ಮುಗಿಯಿತು. ಗುಂಪಿನಲ್ಲಿ ಒಳ್ಳೆಯ ಉಪಾಯ ಅಂದರೆ ಮೊದಲ ದಿನವೇ ತಲಾ ಇಷ್ಟು ಅಂತ ಹಾಕಿ ಒಬ್ಬರ ಕೈಗೆ ಕೊಡುವುದು. ಡ್ರೈವರು, ಗೈಡು, ಹಡಗಿನವರು ಎಲ್ಲರಿಗೂ ಅವರೇ ಕೊಡಲಿ. ಆ ಕೆಲಸಕ್ಕೆ ಜಿಪುಣರನ್ನೂ ಹಾಕಬೇಡಿ, ಧಾರಾಳಿಯನ್ನೂ ಹಾಕಬೇಡಿ.

50 ಅಂತ ಬರೆದ ಎರಡು ನೋಟಿವೆ. ಒಂದು 50 ಪೌಂಡು, ಇನ್ನೊಂದು 50 ಪಿಯಾಸ್ಟರ್, ಅಂದರೆ ಅರ್ಧ ಪೌಂಡು. ಚಿಲ್ಲರೆ ವಾಪಸ್ ಕೊಡುವಾಗ ಇದನ್ನೇ ತಳ್ಳುವವರಿದ್ದಾರೆ. ನೋಟಿನ ಮೇಲಿನ ಪದ ಓದಿ, ಬರೀ ಅಂಕಿ ನೋಡಬೇಡಿ.

ಅಂಕಿ ಅಂದಾಗ ನನ್ನ ಮಾನ ಹೋದ ಕಥೆ ಹೇಳಲೇಬೇಕು. ಅಸ್ವಾನಿನ ಸಂತೆಯಲ್ಲಿ ಕರ್ಕದೆ ಅನ್ನುವ ಒಣ ಹೂವು ಮಾರುತ್ತಾರೆ. ದಾಸವಾಳದ ಜಾತಿಯದು, ನೀರಿನಲ್ಲಿ ಕುದಿಸಿದರೆ ಕೆಂಪು ಷರಬತ್ತು, ಹುಳಿ ಹುಳಿ. ಗೋಣಿಚೀಲದಲ್ಲಿ ರಾಶಿ ಹಾಕಿ ಅದರ ಮೇಲೆ ರಟ್ಟಿನ ಚೀಟಿ ಸಿಕ್ಕಿಸಿದ್ದ. ಚೀಟಿಯಲ್ಲಿ ಒಂದು ಗೀಟು, ಒಂದು ಸೊನ್ನೆ, ಆಮೇಲೆ ಒಂದು ಚುಕ್ಕೆ. 10 ಪೌಂಡು, ಭಾರೀ ಅಗ್ಗ ಅಂದುಕೊಂಡೆ. ಎರಡು ಪೊಟ್ಟಣ ಕಟ್ಟಿಸಿ 20 ಕೊಟ್ಟೆ. ಅಂಗಡಿಯವನು ನೋಟು ನೋಡಿದ, ನನ್ನನ್ನು ನೋಡಿದ, ನಕ್ಕ. ಅವರ ಅಂಕಿಯಲ್ಲಿ ಆ ಸೊನ್ನೆಯ ಹಾಗೆ ಕಾಣುವ ಗುಂಡು ಇದೆಯಲ್ಲ, ಅದು 5. ಸೊನ್ನೆ ಅಂದರೆ ಆ ಚುಕ್ಕೆ! 150 ಅಂತ ಬರೆದಿದ್ದ. 32 ವರ್ಷ ಮಕ್ಕಳಿಗೆ ಸ್ಥಾನಬೆಲೆ ಕಲಿಸಿದವಳು ನಾನು. ಪಕ್ಕದಲ್ಲಿ ನಮ್ಮ ಯಜಮಾನರು ಬೇರೆ ನಿಂತಿದ್ದರು, ಇವತ್ತಿಗೂ ಆಡಿಕೊಳ್ಳುತ್ತಾರೆ.

ಹಾಗಾಗಿ ಹೊರಡುವ ಮೊದಲು ಈ ಹತ್ತು ಅಂಕಿ ಕಲಿಯಿರಿ, ಅರ್ಧ ಗಂಟೆ ಸಾಕು. ಗೀಟು 1. ತಿರುಗಿಸಿ ಬರೆದ ನಮ್ಮ ಇಂಗ್ಲಿಷ್ 3ರ ಹಾಗಿರುವುದು 4. ಗುಂಡು 5. 7ರ ಹಾಗೆ ಕಾಣುವುದು 6. ಬಾಯಿ ಮೇಲಕ್ಕೆ ತೆರೆದ ಕವಲು 7, ಅದನ್ನೇ ಬೋರಲು ಹಾಕಿದರೆ 8. 9 ಇಂಗ್ಲಿಷ್ 9ರ ಹಾಗೇ. ಬಸ್ಸಿನ ನಂಬರ್ ಪ್ಲೇಟ್ ಓದಲೂ ಇದು ಬೇಕು. ಒಂದೇ ಬಣ್ಣದ 30 ಬಸ್ ನಿಂತಿರುವ ಜಾಗದಲ್ಲಿ ನಿಮ್ಮ ಬಸ್ ಹುಡುಕಬೇಕಲ್ಲ.

ಮಾತುಗಳನ್ನು ಜಾಸ್ತಿ ಕಲಿಯಬೇಕಿಲ್ಲ, ಅರ್ಧ ನಿಮಗೆ ಆಗಲೇ ಬರುತ್ತದೆ. ಕುರ್ಚಿಗೆ ಅವರು ಕುರ್ಸಿ ಅನ್ನುತ್ತಾರೆ. ಸಾಬೂನಿಗೆ ಸಾಬೂನ್. ಅಂಗಡಿಗೆ ದುಕ್ಕಾನ್. ಹೋಟೆಲಿನಲ್ಲಿ ಬಿಲ್ ಬೇಕಾದರೆ ‘ಎಲ್ ಹಿಸಾಬ್’. ಚಿಲ್ಲರೆ ವಾಪಸ್ ಬರಬೇಕಾದರೆ ‘ಬಾಕಿ’ ಅನ್ನಿ. ಅವರು ಕ ನುಂಗಿ ‘ಬಾಇ’ ಅನ್ನುತ್ತಾರೆ, ಆದರೆ ಅರ್ಥವಾಗುತ್ತದೆ. ನೀವು ಯಾವ ದೇಶ ಅಂತ ಕೇಳಿದರೆ ‘ಹಿಂದ್’ ಅಂದರಾಯಿತು. ತಕ್ಷಣ ‘ಅಮಿತಾಬ್ ಬಚ್ಚನ್!’ ಅನ್ನುತ್ತಾರೆ. ಎರಡು ಪ್ರವಾಸದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸೀರೆ ಉಟ್ಟು ಹೋದರೆ ಶಾಲೆಯ ಹುಡುಗಿಯರು ಸೆಲ್ಫಿಗೆ ಮುತ್ತಿಕೊಳ್ಳುತ್ತಾರೆ. ಅದಕ್ಕೆ ಭಕ್ಷೀಸು ಇಲ್ಲ, ಕೊಡುವವರೂ ಇಲ್ಲ ಕೇಳುವವರೂ ಇಲ್ಲ.

ಬಟ್ಟೆಯ ಬಗ್ಗೆ ಒಂದೇ ಮಾತು. ಮರಳುಗಾಡು ಅಂತ ಬರೀ ಹತ್ತಿ ಬಟ್ಟೆ ತುಂಬಬೇಡಿ. ಜನವರಿಯಲ್ಲಿ ಲಕ್ಸರ್‌ನಲ್ಲಿ ಮಧ್ಯಾಹ್ನ 23 ಡಿಗ್ರಿ, ಬೆಳಗಿನ ಜಾವ 6-7. ಸ್ವೆಟರು, ಮಫ್ಲರು ಬೇಕು. ಮಂಕಿ ಕ್ಯಾಪ್ ಹಾಕಿಕೊಳ್ಳಲು ನಾಚಿಕೆ ಬೇಡ. ಮಸೀದಿಗೆ ಹೋಗುವಾಗ ಚಪ್ಪಲಿ ಬಿಡಬೇಕು, ನೆಲ ತಣ್ಣಗಿರುತ್ತದೆ, ಕಾಲುಚೀಲ ಇರಲಿ. ಹೊಸ ಶೂ ತೊಟ್ಟು ಬರಬೇಡಿ, ಈಗಿನಿಂದಲೇ ಹಾಕಿಕೊಂಡು ಓಡಾಡಿ.

ಈಗ ಮುಖ್ಯವಾದದ್ದು, ಯಾವ ಜಾಗ ಬಿಡಬೇಕು ಅನ್ನುವುದು. ನಿಮ್ಮ ಕಾರ್ಯಕ್ರಮದ ಹಾಳೆ ತೆಗೆಯಿರಿ. ಎರಡನೇ ದಿನ ‘ಮ್ಯೂಸಿಯಂ’ ಅಂತಿದೆ. ಯಾವ ಮ್ಯೂಸಿಯಂ? ಕೇಳಿದ್ದೀರಾ? ಕೈರೋದಲ್ಲಿ ದೊಡ್ಡವು ಮೂರಿವೆ. ತಹ್ರೀರ್ ಚೌಕದ ಹಳೆಯದು 1902ರದ್ದು. ಪಿರಮಿಡ್ಡುಗಳ ಹತ್ತಿರ ಕಟ್ಟಿದ ಹೊಸ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ 2025ರ ನವೆಂಬರ್ 1ರಂದು ಅಧಿಕೃತವಾಗಿ ಶುರುವಾಯಿತು. ತೂತಂಖಾಮನ್ ಅನ್ನುವ ಹುಡುಗ ರಾಜನ ಗೋರಿಯಲ್ಲಿ ಸಿಕ್ಕ 5,000ಕ್ಕೂ ಜಾಸ್ತಿ ವಸ್ತುಗಳು ಅಲ್ಲಿವೆ, ಆ ಚಿನ್ನದ ಮುಖವಾಡವೂ ಅಲ್ಲೇ. ರಾಜರ ಮಮ್ಮಿಗಳು ಇವೆರಡರಲ್ಲೂ ಇಲ್ಲ. 2021ರ ಏಪ್ರಿಲಿನಲ್ಲಿ 22 ಮಮ್ಮಿಗಳನ್ನು ಮೆರವಣಿಗೆ ಮಾಡಿಕೊಂಡು ಫುಸ್ತಾತ್‌ನಲ್ಲಿರುವ ಮೂರನೇ ಮ್ಯೂಸಿಯಮ್ಮಿಗೆ ಸಾಗಿಸಿದರು. ನಮ್ಮ ಮೊದಲ ಟೂರಿನಲ್ಲಿ ಒಬ್ಬರು ಮಮ್ಮಿ ನೋಡಲೆಂದೇ ಬಂದಿದ್ದರು, ನೋಡದೆ ವಾಪಸ್ ಹೋದರು. ಮೂರನ್ನೂ ಒಂದೇ ದಿನ ನೋಡುತ್ತೇವೆ ಅನ್ನಬೇಡಿ. ಒಂದನ್ನು ಆರಿಸಿ, ಅರ್ಧ ದಿನ ಕೊಡಿ.

ಲಕ್ಸರ್‌ನಲ್ಲಿ ರಾಜರ ಕಣಿವೆ ಇದೆ. 60ಕ್ಕೂ ಹೆಚ್ಚು ಗೋರಿಗಳು. ಸಾಮಾನ್ಯ ಟಿಕೆಟ್ಟಿನಲ್ಲಿ ಮೂರು ನೋಡಬಹುದು, ಹೆಸರಾದ ಕೆಲವಕ್ಕೆ ಬೇರೆ ದುಡ್ಡು. ಎಲ್ಲರೂ ಓಡುವುದು 1922ರಲ್ಲಿ ಸಿಕ್ಕ ತೂತಂಖಾಮನ್‌ನ ಗೋರಿಗೆ. ನನ್ನನ್ನು ಕೇಳಿದರೆ ಬಿಡಿ. ಚಿಕ್ಕದು, ಸಾಮಾನೆಲ್ಲ ಕೈರೋಗೆ ಹೋಗಿದೆ, ನಾವು ಹೋದಾಗ ಹುಡುಗನ ದೇಹವೊಂದು ಗಾಜಿನ ಪೆಟ್ಟಿಗೆಯಲ್ಲಿತ್ತು. ಅದರ ಬದಲು ಆರನೇ ರಾಮ್ಸೆಸ್‌ನ ಗೋರಿಗೆ ಹೋಗಿ. ಇಳಿಜಾರಿನಲ್ಲಿ ನಡೆದು ಕೊನೆಯ ಕೋಣೆಗೆ ಹೋಗಿ ತಲೆ ಎತ್ತಿ ನೋಡಿ. ಕಮಾನಿನ ಛಾವಣಿಯಲ್ಲಿ ನುಟ್ ಅನ್ನುವ ಆಕಾಶದೇವತೆ ಮೈ ಉದ್ದಕ್ಕೂ ಚಾಚಿಕೊಂಡಿದ್ದಾಳೆ. ಸಂಜೆ ಸೂರ್ಯನನ್ನು ಬಾಯಿಂದ ನುಂಗುತ್ತಾಳೆ, ರಾತ್ರಿಯೆಲ್ಲ ಆ ಕೆಂಪು ಬಿಲ್ಲೆ ಅವಳ ಮೈಯೊಳಗೆ ಸಾಗುತ್ತದೆ, ಬೆಳಿಗ್ಗೆ ಮತ್ತೆ ಹೆರುತ್ತಾಳೆ. ಮೂರು ಸಾವಿರ ವರ್ಷದ ಬಣ್ಣ, ನಿನ್ನೆ ಬಳಿದ ಹಾಗಿದೆ. ಎರಡನೇ ಸಲ ನಾನು ಅಲ್ಲಿ ಗೋಡೆಬದಿ ನಿಂತು 20 ನಿಮಿಷ ಕುತ್ತಿಗೆ ನೋಯುವವರೆಗೆ ನೋಡಿದೆ. ಗುಂಪು ಮುಂದೆ ಹೋಗಿತ್ತು, ಹೋಗಲಿ.

ಲಕ್ಸರ್‌ನ ಬಲೂನು ಹತ್ತಬೇಕಾ ಅಂತ ಕೇಳಿದ್ದೀರಿ. ನೋಟ ಚೆನ್ನಾಗಿರುತ್ತದೆ, ಸುಳ್ಳಲ್ಲ. ಆದರೆ 2013ರ ಫೆಬ್ರವರಿಯಲ್ಲಿ ಅಲ್ಲೇ ಒಂದು ಬಲೂನಿಗೆ ಬೆಂಕಿ ಹತ್ತಿ 19 ಜನ ಸತ್ತರು. ನಿಮ್ಮ ವಿಮೆ ಬಲೂನಿಗೆ ಅನ್ವಯಿಸುತ್ತದಾ ಓದಿ ನೋಡಿ. ಇಳಿಯುವಾಗ ಬುಟ್ಟಿ ನೆಲಕ್ಕೆ ಧಡ್ ಅಂತ ಬಡಿಯಬಹುದು, ಮಂಡಿ ಬಗ್ಗಿಸಿ ಕೂರಬೇಕು. ಮಂಡಿ ಬಗ್ಗದವರು ಹತ್ತಬೇಡಿ.

ಲಕ್ಸರ್‌ನಿಂದ ಅಸ್ವಾನ್‌ಗೆ ಹಡಗಿನಲ್ಲಿ ಹೋಗುತ್ತೀರಿ. ನದಿ ನೋಡುವ ರೂಮು ಅಂತ ಜಾಸ್ತಿ ದುಡ್ಡು ಕೊಟ್ಟಿರುತ್ತೀರಿ. ದಡದಲ್ಲಿ ನಿಂತಾಗ ಹಡಗುಗಳನ್ನು ಒಂದರ ಪಕ್ಕ ಒಂದು ನಾಲ್ಕೈದು ಕಟ್ಟುತ್ತಾರೆ. ಪರದೆ ಸರಿಸಿದರೆ ನದಿ ಕಾಣುವುದಿಲ್ಲ, ಒಂದು ಗಜ ದೂರದಲ್ಲಿ ಯಾರೋ ಹಲ್ಲುಜ್ಜುತ್ತಿರುತ್ತಾರೆ. ದಡಕ್ಕೆ ಹೋಗಲು ಮೂರು ಹಡಗಿನ ಹಜಾರ ದಾಟಬೇಕು. ವಾಪಸ್ ಬರುವಾಗ ನಿಮ್ಮ ಹಡಗು ಯಾವುದು ಅಂತ ಮರೆಯಬೇಡಿ, ಎಲ್ಲವೂ ಒಂದೇ ಥರ ಇರುತ್ತವೆ. ಹಡಗು ಹೊರಟ ಮೇಲೆ ರೂಮಿನಲ್ಲಿ ಕೂರಬೇಡಿ, ಮೇಲಿನ ಅಂತಸ್ತಿಗೆ ಬನ್ನಿ. ಎಸ್ನಾ ಅನ್ನುವಲ್ಲಿ ಹಡಗು ನೀರಿನ ಮಟ್ಟ ಬದಲಿಸಲು ಕಟ್ಟೆಯೊಳಗೆ ನಿಲ್ಲುತ್ತದೆ. ಅಲ್ಲಿ ಸಣ್ಣ ದೋಣಿಯವರು ಮುತ್ತಿಕೊಂಡು ಕೆಳಗಿಂದಲೇ ಮೇಜುಹಾಸು, ನಿಲುವಂಗಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲಕ್ಕೆ ಎಸೆಯುತ್ತಾರೆ. ಚೌಕಾಸಿ ಕೂಗಿಕೊಂಡೇ ನಡೆಯುತ್ತದೆ. ಬೇಕಾದರೆ ದುಡ್ಡನ್ನು ಚೀಲದಲ್ಲಿ ಹಾಕಿ ಎಸೆಯಬೇಕು, ಬೇಡವಾದರೆ ಬಟ್ಟೆ ಎಸೆಯಬೇಕು. ಆ ಅರ್ಧ ಗಂಟೆಯ ಮಜಾ ಯಾವ ಕಾರ್ಯಕ್ರಮದ ಹಾಳೆಯಲ್ಲೂ ಬರೆದಿರುವುದಿಲ್ಲ.

ಅಬು ಸಿಂಬೆಲ್ ಬಿಡಬೇಡಿ. ಅಸ್ವಾನ್‌ನಿಂದ ಸುಮಾರು 280 ಕಿಲೋಮೀಟರ್, ಬೆಳಗಿನ ಜಾವ 4ಕ್ಕೆ ಬಸ್. ಅಣೆಕಟ್ಟಿನ ನೀರಿನಲ್ಲಿ ಮುಳುಗುತ್ತದೆ ಅಂತ 1964ರಿಂದ 68ರವರೆಗೆ ಇಡೀ ಗುಡ್ಡದ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಕೊಯ್ದು 65 ಮೀಟರ್ ಮೇಲಕ್ಕೆ ಏರಿಸಿ ಜೋಡಿಸಿದ್ದಾರೆ. ಹಡಗಿನವರು ತಿಂಡಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೊಡುತ್ತಾರೆ. ನಮ್ಮ ಪೆಟ್ಟಿಗೆಯಲ್ಲಿ ಎರಡು ಬೇಯಿಸಿದ ಮೊಟ್ಟೆ, ಒಣ ಬನ್ನು ಇತ್ತು. ಹಿಂದಿನ ರಾತ್ರಿಯೇ ಮೊಟ್ಟೆ ಬೇಡ ಅಂತ ಹೇಳಿ, ಇಲ್ಲವೇ ಅವಲಕ್ಕಿ ಕಟ್ಟಿಕೊಳ್ಳಿ. ಬಸ್ ಹತ್ತುವ ಮೊದಲು ಶೌಚಕ್ಕೆ ಹೋಗಿ ಬನ್ನಿ, ದಾರಿಯುದ್ದಕ್ಕೂ ಬರೀ ಮರಳು.

ಅಂಗಡಿಗಳ ವಿಷಯ. ಗೈಡ್ ನಿಮ್ಮನ್ನು ‘ಪಪೈರಸ್ ಇನ್‌ಸ್ಟಿಟ್ಯೂಟ್’, ‘ಅತ್ತರಿನ ಅರಮನೆ’ ಅಂತ ಕರೆದೊಯ್ಯುತ್ತಾರೆ. ಇನ್‌ಸ್ಟಿಟ್ಯೂಟ್ ಅಂತ ಬೋರ್ಡಿದ್ದರೂ ಅದು ಅಂಗಡಿಯೇ. ಪುಕ್ಕಟೆ ಕರ್ಕದೆ ಕುಡಿಯಿರಿ, ಕಾಗದ ಮಾಡುವುದನ್ನು ನೋಡಿ, ಬನ್ನಿ. ಬೀದಿಯಲ್ಲಿ ಮಾರುವುದರಲ್ಲಿ ಬಾಳೆ ನಾರಿನದ್ದೂ ಇರುತ್ತದೆ. ನಮ್ಮ ಗುಂಪಿನ ಕನ್ನಡ ಮೇಷ್ಟ್ರೊಬ್ಬರು ಅಂಗಡಿಯವನನ್ನು ‘ಕನ್ನಡ ಇರುವ ಪಪೈರಸ್ ಇದೆಯಾ?’ ಅಂತ ಕೇಳಿದರು. ತಮಾಷೆಗಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದ ಪಪೈರಸ್‌ನಲ್ಲಿ ಭಾರತದ ಕರಾವಳಿಯ ರಾಜನೊಬ್ಬ ಆಡುವ ಮಾತುಗಳಿವೆ. ಅದು ಕನ್ನಡ ಅಂತ ಜರ್ಮನಿಯ ವಿದ್ವಾಂಸ ಹುಲ್ಷ್ ಮೊದಲು ಹೇಳಿದರು. ನಮ್ಮ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳೂ ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಆ ಜಾಗ ನಿಮ್ಮ ದಾರಿಯಲ್ಲಿ ಬರುವುದಿಲ್ಲ. ಅಂಗಡಿಯವನಂತೂ ನಿಮ್ಮ ಹೆಸರನ್ನೇ ಚಿತ್ರಲಿಪಿಯಲ್ಲಿ ಬರೆದು ಕೊಡುತ್ತೇನೆ, 300 ಪೌಂಡ್ ಕೊಡಿ ಅಂದ.

ಕೊನೆಗೆ ಪ್ರಶ್ನೆ ಕೇಳುವ ಸಮಯದಲ್ಲಿ ಒಬ್ಬರು, ‘ಮೇಡಂ, ನೀವು ಪಿರಮಿಡ್ ಒಳಗೆ ಹೋಗಿದ್ರಾ? ಹೋಗಬೇಕಾ?’ ಅಂದರು.

ಮೊದಲ ಸಲ ಹೋಗಿದ್ದೆ. ದೊಡ್ಡ ಪಿರಮಿಡ್ಡಿನೊಳಗೆ ಮೇಲೆ ಹತ್ತುವ ದಾರಿ ನಾಲ್ಕಡಿ ಎತ್ತರ. ಸುಮಾರು 40 ಮೀಟರ್ ಉದ್ದಕ್ಕೂ ಬೆನ್ನು ಬಗ್ಗಿಸಿಕೊಂಡು ಹತ್ತಬೇಕು, ಎದುರಿನಿಂದ ಇಳಿಯುವವರಿಗೂ ಅದೇ ದಾರಿ. ಗಾಳಿ ಕಡಿಮೆ, ಸೆಕೆ, ಮುಂದಿನವರ ಹಿಮ್ಮಡಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮೇಲೆ ಒಂದು ಬರಿಗೋಡೆಯ ಕೋಣೆ, ಮುಚ್ಚಳವಿಲ್ಲದ ಖಾಲಿ ಕಲ್ಲಿನ ತೊಟ್ಟಿ. ಬಿಪಿ ಇರುವವರು, ಉಬ್ಬಸದವರು, ಲಿಫ್ಟಿನಲ್ಲಿ ಹೆದರುವವರು ಬಿಟ್ಟುಬಿಡಿ. ಉಳಿದವರು ನಿಮ್ಮ ಇಷ್ಟ.

ಎರಡನೇ ಸಲ ನನ್ನ ಪಟ್ಟಿಯಲ್ಲಿ ಅದು ಮೊದಲನೆಯದು. ಗುಂಪು ಒಳಗೆ ಹೋಯಿತು. ನಾನು ನೆರಳಿರುವ ಕಡೆ ಹೋಗಿ ಕೆಳಗಿನ ಸಾಲಿನ ಒಂದು ಕಲ್ಲಿಗೆ ಒರಗಿ ನಿಂತೆ. ಆ ಒಂದೇ ಕಲ್ಲು ನನ್ನ ಎದೆಮಟ್ಟ ಇತ್ತು. ಅಂಥವು ಸುಮಾರು 23 ಲಕ್ಷ ಅನ್ನುತ್ತಾರೆ. ಒಂದು ದಿನಕ್ಕೆ ಎಷ್ಟು ಇಟ್ಟಿರಬಹುದು ಅಂತ ಸುಮ್ನೆ ಮನಸ್ಸಿನಲ್ಲೇ ಭಾಗಾಕಾರ ಮಾಡಿದೆ. 20 ವರ್ಷ ಅಂತಿಟ್ಟುಕೊಂಡರೂ ದಿನಕ್ಕೆ 300ಕ್ಕಿಂತ ಜಾಸ್ತಿ ಬಂತು. ಚೀಲದಿಂದ ಚಕ್ಕುಲಿ ತೆಗೆದೆ. ಅಲ್ಲಿದ್ದ ಕಾವಲುಗಾರ ಹತ್ತಿರ ಬಂದ. ಒರಗಬೇಡಿ ಅನ್ನುತ್ತಾನೋ, ಭಕ್ಷೀಸು ಕೇಳುತ್ತಾನೋ ಅಂದುಕೊಂಡು ಅವನಿಗೂ ಒಂದು ಚಕ್ಕುಲಿ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, ಮುರಿದು ಬಾಯಿಗೆ ಹಾಕಿಕೊಂಡ. ಆಮೇಲೆ ಕೈ ಚಾಚಿದ. ದುಡ್ಡಿಗಲ್ಲ, ಇನ್ನೊಂದು ಚಕ್ಕುಲಿಗೆ.